ಓಟ ಜಾಸ್ತಿ, ಊಟ ಕಮ್ಮಿ: ಹುಡುಗಿಯರ ಮುಟ್ಟು ನಿಲ್ಲೋದು ಯಾಕೆ?

ಪೊಲೀಸ್ ನೇಮಕಾತಿಗೆ ಅಂತ ನಸುಕಿನಲ್ಲೇ ಮೈದಾನಕ್ಕಿಳಿದು ಓಡುವ, ಕಬಡ್ಡಿ, ಖೋಖೋ ಆಡುವ ಕೆಲ ಹುಡುಗಿಯರಿಗೆ ತಿಂಗಳುಗಟ್ಟಲೆ ಮುಟ್ಟು ಬರೋದಿಲ್ಲ. 'ಒಂದು ತಾಪತ್ರಯ ತಪ್ಪಿತು' ಅಂತ ಸುಮ್ಮನಿರುವವರೂ ಇದ್ದಾರೆ. ಆದರೆ ಅದು ದೇಹ ಕೊಡುವ ಎಚ್ಚರಿಕೆ.

ಕಾರಣ ಏನು?

ಮುಟ್ಟಿನ ಲಗಾಮು ಇರೋದು ಮೆದುಳಿನ ಹೈಪೊಥಲಾಮಸ್‌ನಲ್ಲಿ. ಅಲ್ಲಿಂದ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಅಂಡಾಶಯಕ್ಕೆ ಸೂಚನೆ ಹೋಗುತ್ತದೆ. ದೇಹದಲ್ಲಿ ದಾಸ್ತಾನು ಎಷ್ಟಿದೆ ಅನ್ನೋದನ್ನ ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ಹಾರ್ಮೋನು ಮೆದುಳಿಗೆ ತಿಳಿಸುತ್ತದೆ. ಓಟ ಹೆಚ್ಚಿ ಊಟ ಸಾಲದಿದ್ದರೆ ಲೆಪ್ಟಿನ್ ಇಳಿಯುತ್ತೆ, ಸೂಚನೆ ಕುಗ್ಗುತ್ತೆ, ಈಸ್ಟ್ರೊಜೆನ್ ಕಮ್ಮಿಯಾಗಿ ಮುಟ್ಟು ನಿಲ್ಲುತ್ತೆ.

ಕೊಬ್ಬು ಎಷ್ಟಿರಬೇಕು?

ಮೊದಲ ಮುಟ್ಟಿಗೆ ತೂಕದ ಶೇ 17ರಷ್ಟು, ಚಕ್ರ ಸರಿಯಾಗಿ ನಡೆಯಲು ಶೇ 22ರಷ್ಟು ಕೊಬ್ಬು ಬೇಕು ಎಂದು ಅಮೆರಿಕದ ವಿಜ್ಞಾನಿ ರೋಸ್ ಫ್ರಿಶ್ 1970ರ ದಶಕದಲ್ಲಿ ಹೇಳಿದ್ದರು. ಆಮೇಲಿನ ಸಂಶೋಧನೆಗಳ ಪ್ರಕಾರ ಅಂಥ ಕಟ್ಟುನಿಟ್ಟಿನ ಗೆರೆ ಇಲ್ಲ. ವ್ಯಾಯಾಮಕ್ಕೆ ಖರ್ಚಾದ ಮೇಲೆ ದೇಹಕ್ಕೆ ಉಳಿಯುವ ಶಕ್ತಿಯೇ ಮುಖ್ಯ. ಹಾಗಾಗಿ ತೂಕ ಸರಿಯಾಗಿರುವವರಿಗೂ ಮುಟ್ಟು ತಪ್ಪಬಹುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಕೊರತೆಗೆ 'ರೆಡ್-ಎಸ್' ಎಂದು ಹೆಸರಿಟ್ಟಿತು.

ತೊಂದರೆ ಏನು?

ಹೆಚ್ಚಿನ ಹೊಡೆತ ಮೂಳೆಗೆ. ಮೂಳೆ ಗಟ್ಟಿಯಾಗೋದೇ ಹರೆಯದಲ್ಲಿ. ಅದಕ್ಕೆ ಈಸ್ಟ್ರೊಜೆನ್ ಬೇಕು. ಅದಿಲ್ಲದಿದ್ದರೆ ಕಾಲಿನ ಮೂಳೆಯಲ್ಲಿ ಸಣ್ಣ ಬಿರುಕು ಬೀಳುವ ಸಾಧ್ಯತೆ ಹೆಚ್ಚು. ಆಗ ಓಟವೂ ನಿಲ್ಲುತ್ತೆ, ಕೆಲಸದ ಕನಸೂ ದೂರವಾಗುತ್ತೆ.

ಕೊಬ್ಬು ಜಾಸ್ತಿಯಾದರೆ?

ಆಗಲೂ ಚಕ್ರ ಏರುಪೇರಾಗುತ್ತದೆ. ಪಿಸಿಒಎಸ್ ಇದ್ದು ತೂಕ ಹೆಚ್ಚಿರುವವರು ಶೇ 5ರಿಂದ 10ರಷ್ಟು ಇಳಿಸಿಕೊಂಡರೂ ಹಲವರಲ್ಲಿ ಮುಟ್ಟು ಸರಿಹೋಗುತ್ತದೆ. ಅಂಥವರಿಗೆ ವ್ಯಾಯಾಮವೇ ಮದ್ದು.

ಡಾಕ್ಟರ್ ಹತ್ರ ಯಾವಾಗ?

ಸತತ 3 ತಿಂಗಳು ಮುಟ್ಟು ಬಾರದಿದ್ದರೆ, ಅಥವಾ 15 ವರ್ಷ ತುಂಬಿದರೂ ಮೊದಲ ಮುಟ್ಟು ಆಗದಿದ್ದರೆ ತೋರಿಸಲೇಬೇಕು. ಗರ್ಭ, ಥೈರಾಯ್ಡ್‌ನಂಥ ಬೇರೆ ಕಾರಣ ಇದೆಯಾ ಅಂತ ಮೊದಲು ಪರೀಕ್ಷಿಸುತ್ತಾರೆ. ಮುಟ್ಟು ಬಂದಿಲ್ಲ ಅಂದಮಾತ್ರಕ್ಕೆ ಗರ್ಭ ನಿಲ್ಲೋದಿಲ್ಲ ಅಂತಲ್ಲ. ಮಾತ್ರೆ ನುಂಗಿ ಮುಟ್ಟು ಬರಿಸಿಕೊಂಡರೆ ಮೂಲ ಕಾರಣ ಹಾಗೇ ಉಳಿಯುತ್ತದೆ.

ಓಟ ಬಿಡಬೇಕಿಲ್ಲ, ಊಟ ಹೆಚ್ಚಿಸಬೇಕು. ಖಾಲಿ ಹೊಟ್ಟೆಯಲ್ಲಿ ಓಡದೆ ಬಾಳೆಹಣ್ಣು ತಿನ್ನಲಿ. ಓಡಿ ಬಂದ ಮೇಲೆ ಮುದ್ದೆ ಅಥವಾ ರೊಟ್ಟಿ, ಬೇಳೆ, ಮೊಟ್ಟೆ, ಶೇಂಗಾ, ಮೊಸರು ಹೊಟ್ಟೆತುಂಬ ಸಿಗಲಿ. ವಾರಕ್ಕೊಂದು ದಿನ ವಿಶ್ರಾಂತಿ ಇರಲಿ. ಮುಟ್ಟಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ತಪ್ಪಿದ್ದು ಬೇಗ ಗೊತ್ತಾಗುತ್ತೆ.