ಇಪ್ಪತ್ತು ದಿನಗಳ ಲೆಕ್ಕ

ಒಂದು ಪುಸ್ತಕದ ಬಾಕಿಯನ್ನು ಇನ್ನೊಂದಕ್ಕೆ ಒಯ್ಯುವಾಗಲೇ ತಪ್ಪು ನುಸುಳುವುದು. ಸಿಎ ಓದುವಾಗ ಕಲಿತ ಈ ಮಾತು ಲಕ್ವದ ಚಿಕಿತ್ಸೆಗೂ ಸಲ್ಲುತ್ತದೆಂದು ನನಗೆ ತಿಳಿದದ್ದು ಲಂಡನ್ನಿಗೆ ಬಂದು ಬಹಳ ವರ್ಷಗಳಾದ ಮೇಲೆ.

2002ರಿಂದ 2007ರವರೆಗೆ ಆಕ್ಸ್‌ಫರ್ಡ್‌ನಲ್ಲಿ ಪೀಟರ್ ರಾತ್ವೆಲ್ ಅವರ ತಂಡ ‘ಎಕ್ಸ್‌ಪ್ರೆಸ್’ ಎಂಬ ಅಧ್ಯಯನ ನಡೆಸಿತು. ಸ್ವಲ್ಪ ಹೊತ್ತು ಮಾತು ತೊದಲಿ, ಕೈ ಸೋತು, ಮತ್ತೆ ಸರಿಹೋದವರು ಮತ್ತು ಸಣ್ಣ ಲಕ್ವ ಹೊಡೆದವರು ಅದರಲ್ಲಿದ್ದರು. ಮೊದಲ ಹಂತದಲ್ಲಿ ಕ್ಲಿನಿಕ್ಕಿಗೆ ಅಪಾಯಿಂಟ್‌ಮೆಂಟ್ ಬೇಕಿತ್ತು. ತಜ್ಞರು ಕುಟುಂಬ ವೈದ್ಯರಿಗೆ ಸಲಹೆ ಕಳುಹಿಸುತ್ತಿದ್ದರು, ಮಾತ್ರೆ ಬರೆಯುವುದು ಆ ವೈದ್ಯರ ಕೆಲಸ. ಮೊದಲ ಚೀಟಿ ರೋಗಿಯ ಕೈ ಸೇರಲು ಸಾಮಾನ್ಯವಾಗಿ 20 ದಿನ ಹಿಡಿಯುತ್ತಿತ್ತು. 2004ರಿಂದ ಅಪಾಯಿಂಟ್‌ಮೆಂಟ್ ತೆಗೆದುಹಾಕಿ, ಕ್ಲಿನಿಕ್ಕಿನಲ್ಲೇ ಚಿಕಿತ್ಸೆ ಶುರುಮಾಡಿದರು. 20 ದಿನ 1 ದಿನಕ್ಕೆ ಇಳಿಯಿತು. ಆಸ್ಪಿರಿನ್, ಬಿಪಿ, ಕೊಲೆಸ್ಟರಾಲ್ ಮಾತ್ರೆಗಳು ಮೊದಲೂ ಇದ್ದವೇ. ಆದರೂ 90 ದಿನಗಳೊಳಗೆ ಮತ್ತೆ ಲಕ್ವ ಹೊಡೆದವರು ಮೊದಲ ಹಂತದಲ್ಲಿ 310 ಮಂದಿಯಲ್ಲಿ 32, ಎರಡನೆಯದರಲ್ಲಿ 281ರಲ್ಲಿ 6.

2010ರಲ್ಲಿ ಲಂಡನ್ ನಗರ ಇಂಥದೇ ಲೆಕ್ಕವನ್ನು ದೊಡ್ಡದಾಗಿ ಮಾಡಿತು. ಅದುವರೆಗೆ ಲಕ್ವದ ರೋಗಿಗಳು ಸುಮಾರು 30 ಆಸ್ಪತ್ರೆಗಳಿಗೆ ಹಂಚಿಹೋಗುತ್ತಿದ್ದರು. ಆಮೇಲೆ ತುರ್ತು ಚಿಕಿತ್ಸೆಗೆ 8 ಘಟಕಗಳು, ಮುಂದಿನ ಆರೈಕೆಗೆ ಮನೆಯ ಹತ್ತಿರ 24 ಘಟಕಗಳು ಎಂದಾಯಿತು. ಆಂಬುಲೆನ್ಸ್ ಪಕ್ಕದ ಆಸ್ಪತ್ರೆಯನ್ನು ದಾಟಿಕೊಂಡು ಆ ಎಂಟರಲ್ಲೊಂದಕ್ಕೆ ಹೋಗತೊಡಗಿತು. ಮುಂದಿನ 21 ತಿಂಗಳಲ್ಲಿ 168 ಸಾವು ತಪ್ಪಿದವೆಂದು ಸಂಶೋಧಕರು ಅಂದಾಜು ಮಾಡಿದರು.

ಇದನ್ನೆಲ್ಲ ನಾನು ಓದಿದ್ದು ಶಿವಮೊಗ್ಗದಲ್ಲಿ ಅಪ್ಪನಿಗೆ ಎರಡನೇ ಸಲ ಲಕ್ವ ಹೊಡೆದ ಮೇಲೆ. ಮೊದಲ ಸಲ ಕೈ ಅರ್ಧ ಗಂಟೆಯಲ್ಲಿ ಸರಿಹೋಗಿತ್ತು. ಆಸ್ಪತ್ರೆಯ ಬಿಲ್ಲುಗಳನ್ನು ಇಲ್ಲಿಂದಲೇ ಒಂದೊಂದಾಗಿ ತಾಳೆ ನೋಡಿ ಹಣ ಕಳಿಸಿದ್ದೆ. ಮಾತ್ರೆಯ ಬಗ್ಗೆ ಕೇಳಿರಲಿಲ್ಲ. “ಒಂದು ತಿಂಗಳಿಗೆ ಬರ್ಕೊಟ್ಟಿದ್ರು, ಮುಗೀತು. ಹುಷಾರಾದ್ರಲ್ಲ ಅಂತ ಬಿಟ್ವಿ ಕಣೋ” ಎಂದಳು ಅಮ್ಮ. ಆಸ್ಪತ್ರೆಯ ಪುಸ್ತಕ ಅಲ್ಲಿಗೆ ಮುಗಿದಿತ್ತು, ಮನೆಯ ಪುಸ್ತಕಕ್ಕೆ ಯಾರೂ ಬರೆದುಕೊಂಡಿರಲಿಲ್ಲ. ನಾನೂ ಬರೆದುಕೊಂಡಿರಲಿಲ್ಲ.

ಈಗ ಪ್ರತಿ ಭಾನುವಾರ ವಿಡಿಯೊ ಕಾಲ್ ಮಾಡಿ, “ಅಪ್ಪ, ಮಾತ್ರೆ ಡಬ್ಬಿ ತೋರಿಸಿ” ಎನ್ನುತ್ತೇನೆ. ಅಪ್ಪ ಅದನ್ನು ಎಡಗೈಯಲ್ಲಿ ಎತ್ತಿ ಹಿಡಿಯುತ್ತಾರೆ. ನಾನು ಎಣಿಸುತ್ತೇನೆ.