ಸಣ್ಣ ಉದ್ದಿಮೆಗಳಿಗೆ ಕ್ಲೌಡ್ ಕಂಪ್ಯೂಟಿಂಗ್ ವ್ಯವಸ್ಥೆಯ ಆಯ್ಕೆ: ಉದ್ದಿಮೆದಾರರಿಗೆ ಮಾಹಿತಿ

ಪೀಠಿಕೆ

ಪೀಣ್ಯ, ವೈಟ್‌ಫೀಲ್ಡ್ ಹಾಗೂ ಎಲೆಕ್ಟ್ರಾನಿಕ್ ಸಿಟಿ ವಲಯಗಳ ಸಣ್ಣ ಉದ್ದಿಮೆಗಳು ಲೆಕ್ಕಪತ್ರ, ದಾಸ್ತಾನು, ವಿನ್ಯಾಸ ನಕ್ಷೆ ಮತ್ತು ಸಿಬ್ಬಂದಿ ದಾಖಲೆಗಳನ್ನು ಗಣಕಯಂತ್ರದಲ್ಲಿ ನಿರ್ವಹಿಸುತ್ತಿವೆ. ಅನೇಕ ಘಟಕಗಳಲ್ಲಿ ಇವೆಲ್ಲವೂ ಕಛೇರಿಯ ಒಂದೇ ಯಂತ್ರದಲ್ಲಿರುತ್ತವೆ. 2022ರ ಸೆಪ್ಟೆಂಬರ್ ಮೊದಲ ವಾರದ ಭಾರಿ ಮಳೆಯಲ್ಲಿ ಹೊರವರ್ತುಲ ರಸ್ತೆ ಮತ್ತು ಮಹದೇವಪುರ ಭಾಗಗಳು ಜಲಾವೃತವಾಗಿದ್ದವು. ಇಂತಹ ಸಂದರ್ಭದಲ್ಲಿ ಯಂತ್ರದೊಡನೆ ದಾಖಲೆಯೂ ನಾಶವಾದಲ್ಲಿ, ಗ್ರಾಹಕರಿಂದ ಬರಬೇಕಾದ ಬಾಕಿಯ ಲೆಕ್ಕವೂ ಉಳಿಯುವುದಿಲ್ಲ. ಆದುದರಿಂದ ಕ್ಲೌಡ್ ಸೇವೆಯನ್ನು ಮಾಸಿಕ ಶುಲ್ಕವೊಂದನ್ನೇ ನೋಡಿ ಆಯ್ಕೆ ಮಾಡದೆ, ಕೆಲಸ ನಿಂತಾಗ ದಾಖಲೆಗಳು ಎಷ್ಟು ಬೇಗ ಮತ್ತು ಎಷ್ಟು ಪೂರ್ಣವಾಗಿ ಮರಳಿ ದೊರೆಯುತ್ತವೆ ಎಂಬುದನ್ನು ಮುಖ್ಯವಾಗಿ ಪರಿಗಣಿಸತಕ್ಕದ್ದು.

1. ಸೇವೆಗಳ ವಿಧಗಳು

ಕ್ಲೌಡ್ ಕಂಪ್ಯೂಟಿಂಗ್ ಎಂದರೆ ಬೇರೆಡೆ ಇರುವ ಗಣಕ ಸೌಲಭ್ಯವನ್ನು ಅಂತರ್ಜಾಲದ ಮೂಲಕ ಬಾಡಿಗೆಗೆ ಪಡೆಯುವುದು. ಇದರಲ್ಲಿ ಮೂರು ವಿಧಗಳಿವೆ.

(ಅ) ತಂತ್ರಾಂಶ ಸೇವೆ: ಇ-ಮೇಲ್, ಲೆಕ್ಕಪತ್ರ ಮುಂತಾದ ಸಿದ್ಧ ತಂತ್ರಾಂಶವನ್ನು ಬಳಕೆದಾರರ ಸಂಖ್ಯೆಗೆ ಅನುಗುಣವಾಗಿ ಶುಲ್ಕ ನೀಡಿ ಬಳಸುವುದು. ಸರ್ವರ್ ನಿರ್ವಹಣೆ ಸೇವಾದಾರರದು.
(ಆ) ವೇದಿಕೆ ಸೇವೆ: ಸ್ವಂತ ತಂತ್ರಾಂಶ ರೂಪಿಸುವ ಸಂಸ್ಥೆಗಳಿಗೆ ಉಪಯುಕ್ತ.
(ಇ) ಮೂಲಸೌಕರ್ಯ ಸೇವೆ: ಸರ್ವರ್ ಮತ್ತು ಸಂಗ್ರಹ ಸ್ಥಳವನ್ನು ಬಾಡಿಗೆಗೆ ಪಡೆಯುವುದು. ಸರ್ವರ್‌ನ ಭದ್ರತೆ, ನವೀಕರಣ ಮತ್ತು ಬ್ಯಾಕಪ್ ಬಹುಮಟ್ಟಿಗೆ ಬಾಡಿಗೆದಾರರ ಹೊಣೆಯಾಗಿರುತ್ತದೆ. ಇದನ್ನು ನೋಡಿಕೊಳ್ಳಲು ಅರ್ಹ ಸಿಬ್ಬಂದಿ ಇಲ್ಲದ ಘಟಕಗಳಿಗೆ ಈ ವಿಧ ಸೂಕ್ತವಲ್ಲ.

2. ಯಾವ ಕೆಲಸಕ್ಕೆ ಯಾವ ವ್ಯವಸ್ಥೆ

(ಅ) ಲೆಕ್ಕಪತ್ರ, ಇ-ಮೇಲ್, ಹಾಜರಾತಿ ಮತ್ತು ವೇತನ: ತಂತ್ರಾಂಶ ಸೇವೆ ಸಾಮಾನ್ಯವಾಗಿ ಸಾಕಾಗುತ್ತದೆ.
(ಆ) ಸಿ.ಎನ್.ಸಿ. ಯಂತ್ರಗಳ ನಿಯಂತ್ರಣ: ಅಂತರ್ಜಾಲ ಕಡಿತಗೊಂಡರೂ ಉತ್ಪಾದನೆ ನಿಲ್ಲಬಾರದು. ಆದ್ದರಿಂದ ಇದನ್ನು ಘಟಕದಲ್ಲಿಯೇ ಇರಿಸಿ, ಪ್ರೋಗ್ರಾಂಗಳ ಪ್ರತಿಯನ್ನು ಮಾತ್ರ ಕ್ಲೌಡ್‌ನಲ್ಲಿ ಇಡುವುದು ಸೂಕ್ತ.
(ಇ) ದೊಡ್ಡ ವಿನ್ಯಾಸ ನಕ್ಷೆಗಳು: ಕೆಲಸದ ಪ್ರತಿ ಘಟಕದಲ್ಲಿ, ರಕ್ಷಣಾ ಪ್ರತಿ ಕ್ಲೌಡ್‌ನಲ್ಲಿ ಇರಲಿ. ಸೆಕೆಂಡಿಗೆ 20 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 100 ಗಿಗಾಬೈಟ್ ಕಳುಹಿಸಲು ಕನಿಷ್ಠ 11 ಗಂಟೆ ಬೇಕಾಗುತ್ತದೆ. ಗ್ರಾಹಕರ ನಕ್ಷೆಗಳಾಗಿದ್ದಲ್ಲಿ, ಅವನ್ನು ಹೊರಗೆ ಇರಿಸಲು ಗೌಪ್ಯತಾ ಒಪ್ಪಂದ ಅವಕಾಶ ನೀಡುತ್ತದೆಯೇ ಎಂದು ಮೊದಲು ಪರಿಶೀಲಿಸುವುದು.

ಗಮನಿಸಿ: ಕಡತಗಳು ತಾನಾಗಿ ಕ್ಲೌಡ್‌ಗೆ ನಕಲಾಗುವ ವ್ಯವಸ್ಥೆಯೊಂದೇ ಬ್ಯಾಕಪ್ ಆಗುವುದಿಲ್ಲ. ಘಟಕದಲ್ಲಿ ಅಳಿಸಿದ ಅಥವಾ ವೈರಸ್‌ನಿಂದ ಕೆಟ್ಟ ಕಡತ ಅಲ್ಲಿಯೂ ಹಾಗೆಯೇ ಬದಲಾಗುತ್ತದೆ. ಹಿಂದಿನ ದಿನಾಂಕಗಳ ಪ್ರತಿಗಳು ಪ್ರತ್ಯೇಕವಾಗಿ ಉಳಿಯತಕ್ಕದ್ದು.

3. ಒಪ್ಪಂದಕ್ಕೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

(ಅ) ಲಭ್ಯತೆಯ ಖಾತರಿ: ಶೇ. 99.9 ಎಂದರೆ 30 ದಿನಗಳ ತಿಂಗಳಲ್ಲಿ ಸುಮಾರು 43 ನಿಮಿಷ, ಶೇ. 99 ಎಂದರೆ 7 ಗಂಟೆಗೂ ಹೆಚ್ಚು ಕಾಲ ಸೇವೆ ನಿಲ್ಲಬಹುದು.
(ಆ) ಸೇವೆ ತೊರೆಯುವಾಗ ದಾಖಲೆಗಳು ಬೇರೆ ತಂತ್ರಾಂಶ ಓದಬಲ್ಲ ರೂಪದಲ್ಲಿ ದೊರೆಯುತ್ತವೆಯೇ, ಎಷ್ಟು ದಿನಗಳೊಳಗೆ ಮತ್ತು ಯಾವ ಶುಲ್ಕಕ್ಕೆ.
(ಇ) ಶುಲ್ಕ ಬಾಕಿಯಾದಲ್ಲಿ ದಾಖಲೆಗಳನ್ನು ಎಷ್ಟು ದಿನ ಉಳಿಸಲಾಗುತ್ತದೆ.
(ಈ) ಖಾತೆಯು ಉದ್ದಿಮೆಯ ಹೆಸರಿನಲ್ಲಿಯೇ ಇದೆಯೇ. ಮಾರಾಟಗಾರರ ಅಥವಾ ನೌಕರರ ವೈಯಕ್ತಿಕ ಇ-ಮೇಲ್‌ನಲ್ಲಿ ಖಾತೆ ತೆರೆದಲ್ಲಿ, ಅವರು ಬಿಟ್ಟುಹೋದಾಗ ದಾಖಲೆಗಳು ಕೈತಪ್ಪುವ ಸಂಭವವಿರುತ್ತದೆ.
(ಉ) ಸಂಗ್ರಹ ಸ್ಥಳದ ಬಾಡಿಗೆಯಲ್ಲದೆ, ದತ್ತಾಂಶ ಹೊರತೆಗೆಯುವ ಶುಲ್ಕ ಹಾಗೂ ಜಿ.ಎಸ್.ಟಿ. ಸೇರಿದ ಒಟ್ಟು ವಾರ್ಷಿಕ ವೆಚ್ಚ.

4. ಕಾನೂನಿನ ಅಗತ್ಯಗಳು

(ಅ) ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಗಳು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ ಅನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಇರಿಸತಕ್ಕದ್ದು. 2022ರ ತಿದ್ದುಪಡಿಯಿಂದ ಇದು ಜಾರಿಯಲ್ಲಿದೆ.
(ಆ) ಜಿ.ಎಸ್.ಟಿ. ದಾಖಲೆಗಳನ್ನು ವಾರ್ಷಿಕ ವಿವರಣಾ ಪಟ್ಟಿ ಸಲ್ಲಿಸುವ ಅಂತಿಮ ದಿನಾಂಕದಿಂದ 72 ತಿಂಗಳು ಉಳಿಸತಕ್ಕದ್ದು. ಸೇವಾದಾರರನ್ನು ಬದಲಿಸಿದರೂ ಈ ಹೊಣೆ ಮುಂದುವರಿಯುತ್ತದೆ.
(ಇ) ಸರ್ಟ್-ಇನ್ ಸಂಸ್ಥೆಯ 28-4-2022ರ ನಿರ್ದೇಶನದಂತೆ, ಅದರಲ್ಲಿ ಪಟ್ಟಿ ಮಾಡಿರುವ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡತಕ್ಕದ್ದು.
(ಈ) 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಅಧಿಸೂಚಿಸಲಾಗಿದ್ದು, ಹಂತಹಂತವಾಗಿ ಜಾರಿಗೆ ಬರುತ್ತವೆ. ಕೆಲಸವನ್ನು ಸೇವಾದಾರರಿಗೆ ವಹಿಸಿದ ಮಾತ್ರಕ್ಕೆ ನೌಕರರ ಮತ್ತು ಗ್ರಾಹಕರ ಮಾಹಿತಿಯನ್ನು ರಕ್ಷಿಸುವ ಹೊಣೆ ಉದ್ದಿಮೆದಾರರಿಂದ ತಪ್ಪುವುದಿಲ್ಲ.

5. ಪ್ರಾಯೋಗಿಕ ಪರೀಕ್ಷೆ

ವಾರ್ಷಿಕ ಶುಲ್ಕ ಪಾವತಿಸುವ ಮುನ್ನ ಒಂದು ತಿಂಗಳು ಪ್ರಾಯೋಗಿಕವಾಗಿ ಬಳಸುವುದು ಸೂಕ್ತ. ಈ ಅವಧಿಯಲ್ಲಿ ಒಂದು ದಿನದ ಲೆಕ್ಕಪತ್ರವನ್ನು ಬ್ಯಾಕಪ್‌ನಿಂದ ಬೇರೊಂದು ಗಣಕಯಂತ್ರಕ್ಕೆ ಮರಳಿ ಪಡೆದು, ಅದು ತೆರೆಯುತ್ತದೆಯೇ ಮತ್ತು ಎಷ್ಟು ಸಮಯ ಹಿಡಿಯಿತು ಎಂಬುದನ್ನು ದಾಖಲಿಸಿಕೊಳ್ಳುವುದು. ನಂತರವೂ ಮೂರು ತಿಂಗಳಿಗೊಮ್ಮೆ ಈ ಪರೀಕ್ಷೆಯನ್ನು ನಡೆಸುವುದು.

ಸೂಚನೆ: ಉದ್ಯಮ್ ನೋಂದಣಿಗೆ ಯಾವುದೇ ಶುಲ್ಕವಿರುವುದಿಲ್ಲ. ನೋಂದಣಿಯ ಹೆಸರಿನಲ್ಲಿ ಕ್ಲೌಡ್ ಸೇವೆ ಖರೀದಿಸುವಂತೆ ಒತ್ತಾಯಿಸುವ ಮಧ್ಯವರ್ತಿಗಳ ಬಗ್ಗೆ ಎಚ್ಚರ ವಹಿಸುವುದು. ಸೈಬರ್ ಹಣಕಾಸು ವಂಚನೆಗೆ ಒಳಗಾದವರು ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಲು ಕೋರಲಾಗಿದೆ. ಉದ್ಯಮ್ ನೋಂದಣಿ ಕುರಿತ ಹೆಚ್ಚಿನ ಮಾಹಿತಿಗಾಗಿ ಸಂಬಂಧಿಸಿದ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.