ಮಲೆನಾಡಲ್ಲಿ ಬಂದೂಕು ಇಳೀತು, ಪಹಣಿ ಬಂತಾ?

ಕಾಗಿನೆಲೆಯಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಮಲೆನಾಡಿನ ನಕ್ಸಲ್ ಸಂಘರ್ಷ.

2025ರ ಜನವರಿ 8ರಂದು ಬೆಂಗಳೂರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಎದುರು ಆರು ಜನ ನಕ್ಸಲರು ಶರಣಾದರು. ಫೆಬ್ರವರಿ ಶುರುವಲ್ಲಿ ಇನ್ನಿಬ್ಬರು ಬಂದರು. 'ನಕ್ಸಲ್ ಮುಕ್ತ ಕರ್ನಾಟಕ' ಅಂತ ಸುದ್ದಿಯಾಯ್ತು. ರೀಲ್ಸ್‌ನಲ್ಲಿ ಮೂವತ್ತು ಸೆಕೆಂಡಿಗೆ ಮುಗಿದ ಈ ಕಥೆಗೆ ಎರಡು ದಶಕದ ವಯಸ್ಸು. ನಾನು ಬಿಕಾಂ ಓದಿದವನು. ಯಾವ ಜಗಳ ಕಂಡರೂ ಖರ್ಚು ಯಾರ ಖಾತೆಗೆ ಬಿತ್ತು ಅಂತ ನೋಡೋ ಚಟ.

ಮೊದಲು ಕಾರಣ. ನಮ್ಮ ಬ್ಯಾಡಗಿ ಕಡೆ ರೈತ ಬೆಳೆ ಸಾಲಕ್ಕೆ ಹೋದರೆ ಬ್ಯಾಂಕಿನವರು ಕೇಳೋದು ಉತಾರ, ಅಂದರೆ ಪಹಣಿ. ಅದರಲ್ಲಿ ಹೆಸರಿದ್ದರೆ ಸಾಲ, ಪರಿಹಾರ ಎಲ್ಲಾ. ಕುದುರೆಮುಖದ ಸುತ್ತ ಮಲೆಕುಡಿಯ, ಗೌಡಲು ಮೊದಲಾದ ಸಮುದಾಯಗಳ ಎಷ್ಟೋ ಕುಟುಂಬಗಳಿಗೆ ತಲೆಮಾರಿನಿಂದ ಉಳುತ್ತಿದ್ದ ಜಮೀನಿಗೂ ಆ ಹಾಳೆ ಇರಲಿಲ್ಲ. 2001ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂತಿಮ ಅಧಿಸೂಚನೆ ಬಂತು. ಒಕ್ಕಲೆಬ್ಬಿಸ್ತಾರೆ ಅನ್ನೋ ಭಯ ಹಬ್ಬಿತು. ಅದೇ ಗುಡ್ಡದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಮಾತ್ರ 2005ರ ಕೊನೆವರೆಗೂ ನಡೀತು. ಜನರ ಈ ಸಿಟ್ಟಿನೊಳಕ್ಕೆ ಮಾವೋವಾದಿಗಳು ಬಂದರು. ಜನ ಕೇಳ್ತಿದ್ದದ್ದು ಜಮೀನು, ಇವರ ಗುರಿ ಸಶಸ್ತ್ರ ಕ್ರಾಂತಿ. ಎರಡೂ ಒಂದೇ ಅಲ್ಲ.

2003ರ ನವೆಂಬರ್ 17ರಂದು ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಪಾರ್ವತಿ, ಹಾಜಿಮಾ ಪೊಲೀಸರ ಗುಂಡಿಗೆ ಸತ್ತರು. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ಮುಖಂಡ ಸಾಕೇತ್ ರಾಜನ್ ಸತ್ತರು. ವಾರದೊಳಗೆ ಪಾವಗಡದ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ಮೀಸಲು ಪೊಲೀಸರ ಮೇಲೆ ನಕ್ಸಲರು ದಾಳಿ ಮಾಡಿ ಕೊಂದರು. ಆ ಸಿಬ್ಬಂದಿ ಯಾರು? ನಮ್ಮಂಥ ಊರುಗಳಿಂದ ಕೆಲಸಕ್ಕೆ ಸೇರಿದ ಹುಡುಗರಂಥವರೇ. ಆಮೇಲೆ ನಕ್ಸಲ್ ನಿಗ್ರಹ ಪಡೆ ಬಂತು, ಕೂಂಬಿಂಗ್ ದಿನಚರಿಯಾಯ್ತು.

ಈಗ ನಡುವೆ ಸಿಕ್ಕವರನ್ನ ನೋಡಿ. ಮಾಹಿತಿದಾರರು ಅಂತ ಶಂಕಿಸಿ ನಕ್ಸಲರು ಸ್ಥಳೀಯರನ್ನೇ ಕೊಂದರು. ಅನ್ನ ಹಾಕಿದರು ಅನ್ನೋ ಅನುಮಾನಕ್ಕೆ ಪೊಲೀಸರು ಬಾಗಿಲು ಬಡಿದರು. ರಾತ್ರಿ ಬಂದೂಕು ಹಿಡಿದು ಬಂದವರಿಗೆ 'ಅನ್ನ ಇಲ್ಲ' ಅನ್ನೋಕೆ ಆಗುತ್ತಾ? 2012ರಲ್ಲಿ ಕುತ್ಲೂರಿನ ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬ ಮತ್ತು ಅವನ ತಂದೆಯ ಬಂಧನವಾಯ್ತು, ಯುಎಪಿಎ ಕೇಸು ಬಿತ್ತು. ವಶಪಡಿಸಿಕೊಂಡದ್ದರಲ್ಲಿ ಪುಸ್ತಕ, ಪತ್ರಿಕೆಯ ತುಣುಕುಗಳೂ ಇದ್ದವು. 2021ರಲ್ಲಿ ಕೋರ್ಟ್ ಇಬ್ಬರನ್ನೂ ಖುಲಾಸೆ ಮಾಡಿತು. ಒಂಬತ್ತು ವರ್ಷ, ಸ್ವಾಮಿ! ಆ ವಯಸ್ಸು ಯಾವ ಪರಿಹಾರಕ್ಕೆ ವಾಪಸ್ ಬರುತ್ತೆ?

ಮುಗಿದದ್ದು ಹೇಗೆ? 2014ರಲ್ಲಿ ಸಿರಿಮನೆ ನಾಗರಾಜ್, ನೂರ್ ಶ್ರೀಧರ್ ಮುಖ್ಯವಾಹಿನಿಗೆ ಬಂದಾಗ ನಡುವೆ ನಿಂತು ಮಾತಾಡಿದವರು ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್. 2024ರ ನವೆಂಬರ್ 18ರಂದು ಹೆಬ್ರಿ ತಾಲ್ಲೂಕಿನಲ್ಲಿ ವಿಕ್ರಂ ಗೌಡ ಎನ್‌ಕೌಂಟರ್ ಆಯ್ತು. ಎರಡು ತಿಂಗಳೊಳಗೆ ಆ ಆರು ಜನರ ಶರಣಾಗತಿ. ಗುಂಡಿನ ಭಯ ಕೆಲಸ ಮಾಡಿರಬಹುದು, ಇಲ್ಲ ಅನ್ನಲ್ಲ. ಆದರೆ ಬರೀ ಭಯ ಇದ್ದರೆ ಕಾಡಲ್ಲೇ ಇನ್ನೂ ಒಳಕ್ಕೆ ಹೋಗ್ತಾರೆ. ಜೀವಂತ ಹೊರಬರಬೇಕು ಅಂದರೆ ನಂಬೋ ಒಬ್ಬ ಮನುಷ್ಯ ಬೇಕು. ಈ ಸಲವೂ ನಾಗರಿಕರು ಆ ಕೆಲಸ ಮಾಡಿದರು.

ಉಳಿದ ಬಾಕಿ ಜಮೀನಿನದು. 2006ರ ಅರಣ್ಯ ಹಕ್ಕು ಕಾಯ್ದೆ ದಾರಿ ಕೊಟ್ಟಿದೆ. ಆದರೆ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಹಾಳೆಯೇ ಇಲ್ಲದವರ ಹತ್ತಿರ ಮತ್ತೆ ಹಾಳೆ ಕೇಳಿದ ಹಾಗಾಯ್ತು. ಶರಣಾದವರ ಬೇಡಿಕೆಗಳಲ್ಲೂ ಈ ಜಮೀನಿನ ಮಾತಿತ್ತು. ಶರಣಾಗತಿಯ ಫೋಟೋ ಬಂತು, ಹಕ್ಕುಪತ್ರ ಎಷ್ಟು ಬಂತು ಅಂತ ಕೇಳೋರು ಕಡಿಮೆ.

ಮುಂದಿನ ಸಲ ಕುದುರೆಮುಖಕ್ಕೆ ಟ್ರೆಕ್ಕಿಂಗ್ ಹೋದಾಗ ಹೋಂಸ್ಟೇಯಲ್ಲಿ ಊಟ ಬಡಿಸೋ ಅಕ್ಕನ್ನ ಒಂದು ಮಾತು ಕೇಳಿ: ಅಕ್ಕಾ, ಪಹಣಿ ಆಯ್ತಾ? ಉತ್ತರ ನಂಗೂ ಕಳಿಸಿ. ಮತ್ತೆ ಸಿಗೋಣ್ರಿ.